ಹಸಿವು ಕೇಳುವ ನೌಕರಿ

ಶೈಲಾ ಏನು ಕೆಲಸ ಮಾಡುತ್ತಾಳೆ ಎಂಬುದು ಅವಳ ಅತ್ತೆಗೇ ಸರಿಯಾಗಿ ತಿಳಿದಿರಲಿಲ್ಲ. ಚಿಕ್ಕೋಡಿಯ ಓಣಿಯಲ್ಲಿ ಯಾರಾದರೂ ಕೇಳಿದರೆ, “ಮಂದಿ ಉಂಡಾರೋ ಇಲ್ಲೋ ಅಂತ ಕೇಳಕೋಂತ ಅಡ್ಡಾಡತಾಳವ್ವ ನಮ್ಮ ಸೊಸಿ. ಅದಕ್ಕೂ ಪಗಾರ ಕೊಡತಾರಂತ!” ಎಂದು ಮೂಗು ಮುರಿಯುತ್ತಿದ್ದಳು. ಮುದುಕಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೃಷ್ಣೆ ಉಕ್ಕಿ ಊರೊಳಗೆ ಬಂದು ಹೋದ ಮೇಲೆ ಹೊರದೇಶದ ಒಂದು ಟ್ರಸ್ಟು ಈ ಭಾಗಕ್ಕೆ ದುಡ್ಡು ಕೊಟ್ಟಿತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲ್ಲೂಕುಗಳಲ್ಲಿ ಯಾರ ಮನೆಯ ಒಲೆ ದಿನವೂ ಹೊತ್ತುತ್ತದೆ, ಯಾರದು ಹೊತ್ತುವುದಿಲ್ಲ ಎಂದು ವರ್ಷಕ್ಕೊಮ್ಮೆ ಮನೆಮನೆ ತಿರುಗಿ ತಿಳಿಯಬೇಕು. ತೀರಾ ಸೋತ ಮನೆಗಳಿಗೆ ಜೋಳ, ಬೇಳೆ, ಎಣ್ಣೆ, ಶೇಂಗಾ, ಬೆಲ್ಲ ತುಂಬಿದ ಚೀಲವನ್ನು ತಿಂಗಳು ತಿಂಗಳು ಮುಟ್ಟಿಸಬೇಕು. ಇಡೀ ಕಾರ್ಯಕ್ರಮದ ಉಸ್ತುವಾರಿ ಶೈಲಾಳದು. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಮಾಳಿಗೆಯ ಮೇಲೆ ಅವಳ ಆಫೀಸು, ಕೆಳಗೊಂದು ಹಳೆಯ ಜೀಪು, ಕೈಕೆಳಗೆ ಹಳ್ಳಿಹಳ್ಳಿಯಿಂದ ಆರಿಸಿದ ಸರ್ವೆ ಹುಡುಗಿಯರು.

ದಿಲ್ಲಿಯಿಂದ ಬರುವ ಟ್ರಸ್ಟಿನ ಸಾಹೇಬರು ಜೀಪಿನ ಕಿಟಕಿಯಿಂದ ಕಬ್ಬಿನ ಗದ್ದೆ, ದ್ರಾಕ್ಷಿ ಪಡ ನೋಡಿ, “ಇಷ್ಟು ಹಸಿರಿರುವಲ್ಲಿ ಹಸಿವೆ ಎಲ್ಲಿಯದು?” ಎಂದು ನಗುತ್ತಿದ್ದರು. ಕಬ್ಬು ಯಾರದೋ, ಹೊಟ್ಟೆ ಯಾರದೋ! ಹೊಲದ ಬದುವಿನಲ್ಲಿ ನಿಂತು ಇನ್ನೊಬ್ಬರ ಬೆಳೆ ನೋಡಿದರೆ ತುಂಬುವ ಹೊಟ್ಟೆಯನ್ನು ದೇವರು ಇನ್ನೂ ಮಾಡಿಲ್ಲ. ಇದನ್ನು ಶೈಲಾ ಅವರಿಗೆ ನಯವಾದ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅವರು ತಲೆ ಆಡಿಸುತ್ತಿದ್ದರು. ಆ ನಯದಿಂದಲೇ ಕಾರ್ಯಕ್ರಮ ಉಳಿದಿತ್ತು ಎನ್ನಬಹುದು.

ಅವಳು ಮುಗಳಖೋಡದ ರಾವಸಾಹೇಬರ ಮಗಳು. ತುಂಬಿದ ಮನೆಯೂ ಅಲ್ಲ, ಬರಿದಾದ ಮನೆಯೂ ಅಲ್ಲ. ಧಾರವಾಡದಲ್ಲಿ ಓದಿದ್ದಳು, ಹಟಮಾರಿ, ಒಮ್ಮೆ ಸರಿ ಅನ್ನಿಸಿದ್ದನ್ನು ಬಿಡುವವಳಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸರ್ವೆಗೆ ಹೋದವರು ತಮ್ಮ ಕಾಕಾ, ಮಾಮಾಂದಿರನ್ನೇ ಬಡವರೆಂದು ಬರೆದುಕೊಂಡು ಬರುವುದು ಅವಳ ಕಣ್ಣಿಗೆ ಬಿತ್ತು. ಸಿಟ್ಟು ನೆತ್ತಿಗೇರಿ ಅವರನ್ನು ಕೆಲಸದಿಂದ ಬಿಡಿಸಿದಳು. ಅಂದಿನಿಂದ ಒಂದು ನಿಯಮ ಮಾಡಿದಳು: ಯಾವ ಹುಡುಗಿಯೂ ತನ್ನ ಊರಿನಲ್ಲಿ ಸರ್ವೆ ಮಾಡುವಂತಿಲ್ಲ, ಬೇರೆ ಊರಿಗೇ ಹೋಗಬೇಕು. ಹುಡುಗಿಯರು ಗೊಣಗಿದರು, ಬಸ್ಸಿಗೆ ಕಾಯಬೇಕೆಂದು ಅತ್ತರು. ಶೈಲಾ ಜಗ್ಗಲಿಲ್ಲ. ಟ್ರಸ್ಟಿನವರು ಈ ನಿಯಮವನ್ನು ಬಹಳ ಹೊಗಳಿದರು. ಶೈಲಾಳಿಗೂ ಅದರ ಮೇಲೆ ಸ್ವಲ್ಪ ಹೆಮ್ಮೆಯೇ ಇತ್ತು.

ಭೋಜ ಎಂಬ ಹಳ್ಳಿಯ ಸರ್ವರಬಿ ಮೊದಲ ವರ್ಷದ ಸರ್ವೆಯಲ್ಲಿ ಸಿಕ್ಕವಳು. ಗಂಡ ತೀರಿಹೋಗಿದ್ದ. ಹೊಲವಿಲ್ಲ. ಬೀಡಿ ಸುತ್ತಿ ಸುತ್ತಿ ಎದೆ ಕೆಟ್ಟು ಟಿ.ಬಿ. ಹತ್ತಿತ್ತು. ಬೀಡಿಯ ಕೆಲಸವೂ ಕಡಿಮೆಯಾಗಿತ್ತು. ಫರಹೀನ ಎಂಬ ಒಬ್ಬಳೇ ಮಗಳು. ಮೊದಲ ಸಲ ಶೈಲಾ ಆ ಮನೆಗೆ ಹೋದಾಗ ಸರ್ವರಬಿ ಮುಚ್ಚುಮರೆ ಮಾಡದೆ ಹೇಳಿದ್ದಳು: “ಗುಳಗಿ ಸರಕಾರದವ್ರು ಪುಕ್ಕಟ ಕೊಡತಾರ್ರಿ ಬಾಯಾರ. ಆದ್ರ ಖಾಲಿ ಹೊಟ್ಟ್ಯಾಗ ಆ ಗುಳಗಿ ನಿಂದ್ರಂಗಿಲ್ಲ. ಬೆಂಕಿ ನುಂಗಿದಂಗ ಆಗತೈತಿ.”

ಚೀಲ ಬರಲು ಶುರುವಾಯಿತು. ಶೇಂಗಾ, ಬೆಲ್ಲ ತಿಂದು ಗುಳಿಗೆ ನುಂಗಿದಳು. ಮುಖಕ್ಕೆ ತುಸು ಕಳೆ ಬಂತು. ಚೀಲ ಇಳಿಸುವ ಜೀಪು ಬಂದಾಗಲೆಲ್ಲ ಸರ್ವರಬಿ ಶೈಲಾಳ ಕೈ ಹಿಡಿದು, “ನಿಮ್ಮ ಹೊಟ್ಟಿ ತಣ್ಣಗಿರಲಿ” ಅನ್ನುತ್ತಿದ್ದಳು. ಶೈಲಾ ಅವಳನ್ನು ಅಕ್ಕ ಅನ್ನುವಂತೆ ಆಪಾ ಎಂದು ಕರೆಯತೊಡಗಿದಳು. ಉಸ್ತುವಾರಿಯವರು ಹೀಗೆ ಒಂದು ಮನೆಯನ್ನು ಹಚ್ಚಿಕೊಳ್ಳಬಾರದು ಎಂದು ತರಬೇತಿಯಲ್ಲಿ ಹೇಳುತ್ತಾರೆ. ಹೇಳಲಿ ಬಿಡಿ.

ಎರಡನೇ ವರ್ಷ ಟ್ರಸ್ಟಿನವರು, ಯಾವ ಮನೆ ಸುಧಾರಿಸಿದೆ ನೋಡಿ, ಸುಧಾರಿಸಿದ ಮನೆಯನ್ನು ಬಿಡಿಸಿ ಹೊಸ ಮನೆಗೆ ಕೊಡಿ ಎಂದರು. ಮಾತು ನ್ಯಾಯದ್ದೇ. ಮತ್ತೆ ಸರ್ವೆ ಹೊರಟಿತು. ಭೋಜದ ಪಾಳಿ ಸೋನಾಲಿ ಎಂಬ ಹುಡುಗಿಗೆ ಬಂತು. ಚುರುಕಾದವಳು, ಬಾಯಿ ತುಂಬ ಮಾತು. ಅವಳ ಕೆಲಸ ಹೇಗಿದೆ ನೋಡೋಣ ಎಂದು ಶೈಲಾಳೂ ಆ ದಿನ ಜೊತೆಗೆ ಹೋದಳು.

ಸರ್ವರಬಿ ಬಾಗಿಲಲ್ಲೇ ನಿಂತು ನಕ್ಕಳು, ಚಾಪೆ ಹಾಸಿದಳು. ನಮ್ಮ ಕಡೆ ಹೊಸಬರು ಕಂಡರೆ ಮೊದಲು ಕೇಳುವುದು ಹೆಸರಲ್ಲ, ಊರು.

“ಯಾವೂರವ್ವ ನಿಂದು?” ಎಂದು ಸೋನಾಲಿಯನ್ನು ಕೇಳಿದಳು.

“ಏಕಸಂಬಿರಿ.”

“ಏಕಸಂಬ್ಯಾಗ ಎಲ್ಲಿ?”

“ಬಸ್ ಸ್ಟ್ಯಾಂಡಿನ ಹಿಂದರಿ, ಮಸೂತಿ ಬಾಜೂಕ.”

ಸರ್ವರಬಿ ಸೆರಗು ಸರಿಮಾಡಿಕೊಂಡಳು. ಮಗಳಿಗೆ ಒಳಗೆ ಹೋಗು ಎಂದು ಕಣ್ಣು ಮಾಡಿದಳು. ಬೆನ್ನು ನೆಟ್ಟಗಾಯಿತು. ಸೋನಾಲಿ ಒಂದೊಂದೇ ಪ್ರಶ್ನೆ ಕೇಳಿದಳು. ಮನೆಯಲ್ಲಿ ಜೋಳ ಎಷ್ಟು ದಿನಕ್ಕೆ ಆಗುತ್ತದೆ? “ಭಾಳ ಐತವ್ವ, ಮುಂದಿನ ಸುಗ್ಗೀ ತನಕ ಚಿಂತಿಲ್ಲ.” ಉಣ್ಣದೆ ಮಲಗಿದ್ದುಂಟೇ? “ಅಯ್ಯ, ಅದೇನ್ ಮಾತು ತಗಿ!” ಹಾಲು, ತತ್ತಿ? “ದಿನಾ.” ಬೇನೆ? “ಇದ್ದದ್ದ ಖರೆ. ಈಗ ಪೂರಾ ಆರಾಮ. ಗುಳಗೀನೂ ಬಿಟ್ಟೀನಿ.” ಅಷ್ಟರಲ್ಲಿ ಫರಹೀನ ಹಿತ್ತಲ ಬಾಗಿಲಿನಿಂದ ಹೋಗಿ ಬಂದಳು. ಗಟ್ಟಿ ಹಾಲಿನ ಚಹಾ ಬಂತು, ತಟ್ಟೆಯಲ್ಲಿ ಖಾರಿ ಬಿಸ್ಕೀಟು ಬಂತು.

ಶೈಲಾಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎರಡನೇ ಕಪ್ಪು ಚಹಾ ಕೇಳಿ ಕುಡಿದಳು. ಒಂದು ಮನೆ ಎದ್ದು ನಿಂತಿತು, ಅದೂ ತನ್ನ ಕಣ್ಣೆದುರಿಗೆ! ಆಫೀಸಿಗೆ ಬಂದವಳೇ ಸರ್ವರಬಿಯ ಕಥೆಯನ್ನು ತಾನೇ ಕೂತು ಇಂಗ್ಲಿಷಿನಲ್ಲಿ ಬರೆದು ವರದಿಯಲ್ಲಿ ಸೇರಿಸಿದಳು. ಟ್ರಸ್ಟಿನ ಸಾಹೇಬರಿಗೆ ಕಣ್ಣು ತುಂಬಿ ಬಂತಂತೆ. ಚೀಲ ನಿಂತಿತು.

ಮಳೆಗಾಲ ಮುಗಿಯುತ್ತಿರುವಾಗ ಭೋಜದ ಅಂಗನವಾಡಿಯ ಸುಂದರಾಬಾಯಿ ಫೋನ್ ಮಾಡಿದಳು.

“ಮೇಡಮ್ಮಾರ, ಸರ್ವರಬಿ ಮನಿ ಯಾಕ ಬಿಡಿಸಿದ್ರಿ? ಆಕಿ ಕೆಮ್ಮಿದ್ರ ರಕ್ತ ಬೀಳಾಕತ್ತೈತಿ.”

“ಎಲ್ಲಾ ಚೊಲೊ ಐತಿ ಅಂತ ಆಕೀನ ಹೇಳಿದ್ಲಲ್ರಿ ಬಾಯಾರ?”

“ಹೇಳದ ಏನ್ ಮಾಡ್ಯಾಳು? ಫರಹೀನನ್ನ ಏಕಸಂಬಿಗೆ ಕೊಡೋ ಮಾತ ನಡದೈತಿ. ಬಸ್ ಸ್ಟ್ಯಾಂಡಿನ ಹಿಂದಿನ ಮನಿ. ಅದ ಓಣಿ ಹುಡುಗೀನ ಕರಕೊಂಡ ಬಂದು, ನಿಮ್ಮನ್ಯಾಗ ಕಾಳೆಷ್ಟು, ಕಡಿ ಎಷ್ಟು, ಬ್ಯಾನಿ ಐತೇನು ಅಂತ ಕೇಳಿದ್ರ ಯಾವ ತಾಯಿ ಖರೆ ಹೇಳತಾಳ್ರಿ? ನಿಮ್ಮ ಸರ್ವೆ ನೆವಾ ಮಾಡಿ ಬೀಗರ ಕಡೆಯವ್ರು ಮನಿತನ ತಿಳಕೊಳ್ಳಾಕ ಆ ಹುಡುಗೀನ ಕಳಿಸ್ಯಾರ ಅಂತ ತಿಳಕೊಂಡಾಳ. ಗುಳಗಿ ತರಾಕ ದವಾಖಾನಿಗೆ ಹೋಗೋದೂ ಬಿಟ್ಟಾಳ, ಯಾರರ ನೋಡಿಗೀಡ್ಯಾರಂತ.”

ಶೈಲಾ ಫೋನು ಕೆಳಗಿಟ್ಟಳು. ಹೆಣ್ಣು ನೋಡುವವರು ಬರುವ ಮೊದಲು ಮೂರನೆಯವರ ಕೈಲಿ ಮನೆತನ ವಿಚಾರಿಸುವುದು, ಹಗೇವಿನಲ್ಲಿ ಕಾಳಿದೆಯೇ, ಮನೆಯಲ್ಲಿ ಬೇನೆಯಿದೆಯೇ ಎಂದು ನೆರೆಯವರ ಬಾಯಿ ಬಿಡಿಸುವುದು ಈ ಸೀಮೆಯಲ್ಲಿ ಹೊಸದೇ? ತನ್ನನ್ನು ನೋಡಲು ಬಂದಾಗ ತಾಯಿ ಚನ್ನವ್ವ ಮಗ್ಗುಲ ಮನೆಯಿಂದ ಜೋಳದ ಚೀಲ ಹೊರಿಸಿ ತಂದು ಪಡಸಾಲೆಯಲ್ಲಿ ಒಟ್ಟಿಸಿರಲಿಲ್ಲವೇ? ಆ ಚೀಲಕ್ಕೆ ಒರಗಿ ಕುಳಿತೇ ತಾನು ಗಂಡಿನವರಿಗೆ ಅವಲಕ್ಕಿ ಕೊಟ್ಟಿರಲಿಲ್ಲವೇ? ಅದೆಲ್ಲ ಗೊತ್ತಿದ್ದವಳಿಗೆ ಆ ದಿನ ಏನಾಗಿತ್ತು? ಹೆಣ್ಣು ಕೊಡುವುದು ತರುವುದು ಸುತ್ತಲಿನ ಊರುಗಳಲ್ಲೇ. ಬೇರೆ ಊರಿನ ಹುಡುಗಿಯನ್ನೇ ಕಳಿಸಬೇಕೆಂದು ನಿಯಮ ಮಾಡಿದವಳು ಅಷ್ಟು ಯೋಚಿಸಲಿಲ್ಲ. ಯಾರನ್ನೂ ಬೈಯುವಂತಿರಲಿಲ್ಲ. ಸೋನಾಲಿ ಕೇಳಬೇಕಾದ್ದನ್ನು ಕೇಳಿದ್ದಳು.

ಆ ದಿನವೇ ಟ್ರಸ್ಟಿಗೆ ಬರೆದಳು. ಉತ್ತರ ಬಂತು: ಎದ್ದು ನಿಂತ ಮನೆಯೆಂದು ಬರೆದವರೂ ನೀವೇ, ಬಿದ್ದ ಮನೆಯೆಂದು ಬರೆಯುವವರೂ ನೀವೇ, ಯಾವುದನ್ನು ನಂಬುವುದು? ಮಾತು ಚುಚ್ಚಿತು, ಆದರೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮೊದಲು ಬರೆದದ್ದು ಸುಳ್ಳು, ಈಗ ಬರೆಯುತ್ತಿರುವುದು ಖರೆ ಎಂದು ನೇರವಾಗಿ ತಿಳಿಸಿದಳು. ಈ ನಡುವೆ ತನ್ನ ಕೈಯಿಂದ ಶೇಂಗಾ, ತತ್ತಿ ಕೊಂಡು ಸುಂದರಾಬಾಯಿಯ ಮೂಲಕ ಕಳಿಸಿದಳು. ಅವು ಹಾಗೆಯೇ ತಿರುಗಿ ಬಂದವು. ನಮ್ಮ ಮನೆಗೆ ಏನು ಕಮ್ಮಿಯಾಗಿದೆ ಎಂದು ಸರ್ವರಬಿ ಕೇಳಿದಳಂತೆ. ಅಂಗನವಾಡಿಯ ಬಾಯಿ ಬುಟ್ಟಿ ಹಿಡಿದು ಒಂದೇ ಮನೆಗೆ ಹೋದರೆ ಓಣಿಯ ಕಣ್ಣು ಸುಮ್ಮನಿರುತ್ತದೆಯೇ?

ಕೊನೆಗೆ ಟ್ರಸ್ಟು ಒಪ್ಪಿತು. ಶೈಲಾ ತಡಮಾಡಲಿಲ್ಲ. ಚೀಲಗಳನ್ನು ಜೀಪಿಗೆ ಹಾಕಿಸಿಕೊಂಡು ಭೋಜಕ್ಕೆ ಹೊರಟೇಬಿಟ್ಟಳು. ಅವಸರದಲ್ಲಿ ಮತ್ತೊಂದು ಎಡವಟ್ಟು. ಸರ್ವರಬಿಯ ಮನೆಯ ಮುಂದೆ ಜೀಪು ನಿಂತಾಗ ಅಂಗಳದ ತುಂಬ ಚಪ್ಪಲಿ. ಒಳಗೆ ಏಕಸಂಬಿಯ ಹಿರಿಯರು ಕೂತಿದ್ದರು. ನಿಕಾಹದ ದಿನ ಗೊತ್ತುಮಾಡುತ್ತಿದ್ದರು. ಜೀಪಿನ ಬಾಗಿಲಿಗೆ ಟ್ರಸ್ಟಿನ ದೊಡ್ಡ ಬೋರ್ಡು, ಹಿಂದೆ ಬಡವರ ಚೀಲ.

ಸರ್ವರಬಿ ಹೊರಗೆ ಬಂದಳು. ಕುಪ್ಪಸದ ತೋಳೊಳಗೆ ಕೈ ಕಡ್ಡಿಯಾಗಿತ್ತು. ಒಂದು ಗಳಿಗೆ ಶೈಲಾಳನ್ನೇ ನೋಡಿ, ಒಳಗಿನವರಿಗೂ ಕೇಳುವ ಹಾಗೆ, “ಯಾರ ಮನಿ ಹುಡಕಾಕತ್ತೀರಿ ಮೇಡಮ್ಮಾರ?” ಎಂದಳು.

“ತಪ್ಪಿ ಬಂದೇನಿ ಅನಸ್ತೈತ್ರಿ” ಎಂದಳು ಶೈಲಾ.

“ಬರ್ರಿ, ದಾರಿ ತೋರಸ್ತೀನಿ.”

ಓಣಿಯ ತಿರುವಿನ ತನಕ ಇಬ್ಬರೂ ನಡೆದರು. ಜೀಪು ಹಿಂದೆ ಬಂತು. ತಿರುವು ದಾಟಿದ ಮೇಲೆ ಸರ್ವರಬಿ ಗೋಡೆಗೆ ಕೈ ಊರಿ ನಿಂತಳು, ಕೆಮ್ಮಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡು ಆ ಸೆರಗನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಆಪಾ, ಜೀಪ್ ಹತ್ರಿ. ಇಲ್ಲಿಂದ ಸೀದಾ ದವಾಖಾನಿಗೆ ಹೋಗೂಣು,” ಶೈಲಾ ಅವಳ ಕೈ ಹಿಡಿದಳು. “ನಾ ನಿಮ್ಮ ಕಾಲ ಬೀಳತೀನಿ.”

“ಹುಚ್ಚಿ ಅದೀರೇನು? ಮಂದಿ ಮನ್ಯಾಗ ಕುಂತೈತಿ. ನಿಕಾಹ ಒಂದ ಆಗ್ಲಿ. ಹುಡುಗಿ ಒಂದ ದಂಡಿಗಿ ಹತ್ತಲಿ. ಆಮ್ಯಾಲ ನೀವು ಕೊಟ್ಟದ್ದೆಲ್ಲಾ ತಿಂತೀನಿ, ಕರದಲ್ಲಿ ಬರತೀನಿ.”

“ಅಷ್ಟ ದಿನ ನಿಮಗ ತಡಿಯಾಂಗಿಲ್ಲ ಆಪಾ.”

“ತಡೀತೀನಿ. ಹೆತ್ತಾಕಿ ಇದೀನಿ, ತಡೀತೀನಿ.” ಆಮೇಲೆ ಮೆತ್ತಗೆ ಹೇಳಿದಳು, “ಫರಹೀನಗ ಏನೂ ಹೇಳಬ್ಯಾಡ್ರಿ. ಆಕಿಗೆ ನಾ ಮೊದಲ ಉಂಡೀನಿ ಅಂತ ಹೇಳಿ ತಾಟ ಕೊಡತೀನಿ. ಗೊತ್ತಾದ್ರ ಲಗ್ನಾನ ಬ್ಯಾಡ ಅಂತಾಳ.”

ಶೈಲಾ ಅವಳನ್ನು ಎತ್ತಿ ಜೀಪಿಗೆ ಹಾಕಿಕೊಂಡು ಹೋಗಬಹುದಿತ್ತು. ಅಷ್ಟು ಹಗುರಾಗಿದ್ದಳು. ಆದರೆ ಒಂದು ಹುಡುಗಿಯ ಮದುವೆ ಮುರಿಯುವ ಧೈರ್ಯ ಅವಳಿಗೆ ಬರಲಿಲ್ಲ. ನಿಮಗೆ ಬರುತ್ತಿತ್ತೇ? ನನಗಂತೂ ಬರುತ್ತಿರಲಿಲ್ಲ. ಜೀಪು ಚೀಲಗಳ ಸಮೇತ ಚಿಕ್ಕೋಡಿಗೆ ತಿರುಗಿತು. ದಾರಿಯುದ್ದಕ್ಕೂ ಅವಳು ಅತ್ತಳು.

ನಿಕಾಹ ಆಯಿತು. ಸರ್ವರಬಿ ಕುಂಕುಮಬಣ್ಣದ ಸೀರೆ ಉಟ್ಟು ಬೀಗರಿಗೆ ಬಿರಿಯಾನಿ ಬಡಿಸಲು ನಿಂತಿದ್ದಳಂತೆ. ಮಗಳನ್ನು ಕಳಿಸಿದ ಮೇಲೆ ಹಾಸಿಗೆ ಹಿಡಿದಳು. ಶೈಲಾ ಕರೆಯಲು ಬಂದಳು, ಸರ್ವರಬಿ ಮಾತು ಕೊಟ್ಟಂತೆ ಜೀಪು ಹತ್ತಿದಳು. ಬೆಳಗಾವಿಯ ದವಾಖಾನೆಯಲ್ಲಿ ಶೈಲಾ ಗಂಜಿ ಕುಡಿಸಲು ನೋಡಿದಳು. ಒಳಗೆ ಹೋಗಲಿಲ್ಲ. ಗಲ್ಲದ ಮೇಲೆ ಇಳಿದದ್ದನ್ನು ಒರೆಸುತ್ತಿರುವಾಗಲೇ ಸರ್ವರಬಿ ಹೋದಳು.

ಶೈಲಾ ನೌಕರಿ ಬಿಡಲಿಲ್ಲ. ಸರ್ವೆ ಹುಡುಗಿಯರನ್ನು ಬೇರೆ ಊರಿಗೆ ಕಳಿಸುವ ಮೊದಲು, ಅಲ್ಲಿ ಯಾರ ಮನೆಯಲ್ಲಿ ಲಗ್ನದ ಮಾತು ನಡೆದಿದೆ, ಯಾವ ಊರಿನ ಸಂಬಂಧ ಎಂದು ಅಂಗನವಾಡಿಯವರನ್ನು ಕೇಳಿಕೊಳ್ಳುವ ಪದ್ಧತಿ ಈಗ ಐದೂ ತಾಲ್ಲೂಕುಗಳಲ್ಲಿದೆ. ಟ್ರಸ್ಟಿನವರು ಅದನ್ನೂ ಹೊಗಳಿದ್ದಾರೆ. ಹೊಗಳಿಕೆ ಓದಿದ ದಿನ ಅವಳಿಗೆ ಊಟ ಸೇರಲಿಲ್ಲ.

ಒಂದು ಮಧ್ಯಾಹ್ನ ಫರಹೀನ ಗಂಡನ ಜೊತೆ ಆಫೀಸಿಗೆ ಬಂದಳು. ಗಂಡನನ್ನು ಕೆಳಗೆ ಅಂಗಡಿಯ ಹತ್ತಿರ ನಿಲ್ಲಿಸಿ ಒಬ್ಬಳೇ ಮೆಟ್ಟಿಲು ಹತ್ತಿದಳು. ತಿಂಗಳು ತುಂಬಿದ ಬಸುರಿ. ಕೂರು ಎಂದರೂ ಕೂರಲಿಲ್ಲ.

“ಮೇಡಮ್, ಒಂದ ಮಾತ ಕೇಳಾಕ ಬಂದೀನಿ. ನನ್ನ ಸಲುವಾಗಿ ಅಮ್ಮಿ ಉಪಾಸ ಇದ್ಲಂತ ಭೋಜದಾಗ ಮಂದಿ ಆಡಕೊಳ್ಳಾಕತ್ತಾರ. ನಾ ತಾಟ ಖಾಲಿ ಮಾಡತಿದ್ದೆ, ಆಕಿ ಉಂಡೀನಿ ಅಂತಿದ್ಲು. ನೀವು ಮನೀಗೆ ಬಂದು ಎಲ್ಲಾ ಕೇಳಿ ಬರಕೊಂಡ ಹೋದವ್ರು. ನಿಮಗ ಖರೆ ಗೊತ್ತಿರತೈತಿ. ಹೇಳ್ರಿ, ಅಮ್ಮಿ ಉಪಾಸ ಇದ್ಲೇನು?”

ಸುಳ್ಳು ಉತ್ತರ ಬರೆದುಕೊಂಡು ಬಂದ ಹುಡುಗಿಯರನ್ನು ಮನೆಗೆ ಕಳಿಸಿದ ಶೈಲಾ ಅವಳು. ಫರಹೀನಳ ಎರಡೂ ಕೈ ಹೊಟ್ಟೆಯ ಮೇಲಿದ್ದವು.

“ಇಲ್ಲವ್ವ,” ಎಂದಳು. “ನಿಮ್ಮ ಅಮ್ಮಿ ಹೊಟ್ಟಿ ತುಂಬ ಉಣತಿದ್ಲು. ನನ್ನ ಮುಂದ ಆಕೀನ ಹೇಳ್ಯಾಳ, ನಾನ ಕೈಯಾರೆ ಬರದೀನಿ.”