ಮಸುಕು ಪರದೆಯ ಸೇಡು

ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಸ್ಕೇಲಮ್ಮ ಎನ್ನುತ್ತಿದ್ದರು. ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಕಾಗದದಿಂದ ಕಂಪ್ಯೂಟರಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಅವಳ ಮೇಜಿನ ಮೇಲೆ ಮರದ ಸ್ಕೇಲೊಂದು ಇದ್ದೇ ಇರುತ್ತಿತ್ತು. ಯಾರಾದರೂ ತಪ್ಪು ಅಳತೆ ತಂದರೆ ಅದರಿಂದ ಮೇಜು ಕುಟ್ಟುತ್ತಿದ್ದಳು. ಗೋಡೆಯೊಳಗೆ ಹಾಯುವ ನೀರಿನ ಪೈಪುಗಳ ನಕ್ಷೆ ಅವಳದು. ಕಪ್ಪು ಪರದೆಯ ಮೇಲೆ ಬಿಸಿನೀರಿಗೆ ಕೆಂಪು ಗೆರೆ, ತಣ್ಣೀರಿಗೆ ನೀಲಿ ಗೆರೆ. ಕೂದಲೆಳೆಯಂಥವು, ಒಂದಕ್ಕೊಂದು ತಾಗುವಷ್ಟು ಹತ್ತಿರ. ಅವಳ ನಕ್ಷೆ ಹಿಡಿದು ಕೆಲಸ ಮಾಡಿದವರು ಒಮ್ಮೆ ಮುಚ್ಚಿದ ಗೋಡೆಯನ್ನು ಮತ್ತೆ ಒಡೆದದ್ದಿಲ್ಲ ಎಂದು ಪ್ಲಂಬರುಗಳು ಹೇಳುತ್ತಿದ್ದರು.

ಮೈದುನನನ್ನು ಅದೇ ಕಚೇರಿಗೆ ಸೇರಿಸಿದವಳೂ ಅವಳೇ. ಗಂಡನ ತಮ್ಮ, ಅದೇ ಮನೆಯ ಮಹಡಿಯಲ್ಲಿದ್ದವನು, ಕೆಲಸವಿಲ್ಲದೆ ಅಲೆಯುತ್ತಿದ್ದ. "ನೀನೊಂದು ಮಾತು ಹೇಳಿದ್ರೆ ನಿಮ್ಮ ಕಚೇರಿ ಯಜಮಾನರು ಬೇಡ ಅಂತಾರೇನೆ?" ಎಂದು ಅತ್ತೆ ಕೇಳಿದರು. ಅತ್ತೆ ಅವಳಿಗೆ ತಾಯಿಯಂತಿದ್ದರು, ಆದ್ದರಿಂದ ಹೇಳಿದಳು. ಅವನು ಕೆಲಸ ಬೇಗ ಕಲಿತ. ಯಜಮಾನರನ್ನು ನಗಿಸುವುದನ್ನು ಅದಕ್ಕಿಂತ ಬೇಗ ಕಲಿತ. ಮನೆಯಲ್ಲಿ ಬಾಯ್ತುಂಬ "ಅತ್ತಿಗೆ" ಎನ್ನುತ್ತಿದ್ದವನು ಕಚೇರಿಯಲ್ಲಿ ಅವಳ ಕುರ್ಚಿಯನ್ನು ಕಣ್ಣಲ್ಲೇ ಅಳೆಯತೊಡಗಿದ.

ಮುಚ್ಚಿಹೋದ ಕಂಪ್ಯೂಟರ್ ಆಟದ ಅಂಗಡಿಯೊಂದರಿಂದ ಯಜಮಾನರು ಎರಡು ದೊಡ್ಡ ಮಾನಿಟರ್ ತರಿಸಿದರು. ಸೆಕೆಂಡಿಗೆ ನೂರಾರು ಸಲ ಚಿತ್ರವನ್ನು ಹೊಸದು ಮಾಡುವಂಥವು. ಮೌಸಿನ ಬಾಣ ಅವುಗಳ ಮೇಲೆ ಎಣ್ಣೆ ಸವರಿದಂತೆ ಜಾರುತ್ತಿತ್ತು. ಒಂದು ಸ್ಕೇಲಮ್ಮನಿಗೆ, ಇನ್ನೊಂದು ಮೈದುನನಿಗೆ. ಮೈದುನ ತನ್ನ ಊಟದ ಡಬ್ಬಿಗೂ ಛತ್ರಿಗೂ ಹಳದಿ ಟೇಪು ಸುತ್ತಿ ಗುರುತು ಮಾಡುವ ಜಾತಿಯವನು. ಬಂದ ಗಳಿಗೆಯಲ್ಲೇ ತನ್ನ ಮಾನಿಟರಿನ ಕಾಲಿಗೂ ಒಂದು ಸುತ್ತು ಸುತ್ತಿದ.

ಸ್ಕೇಲಮ್ಮ ಜ್ವರ ಬಂದು ರಜೆಯಲ್ಲಿದ್ದು ವಾಪಸಾದಾಗ ತನ್ನ ಪರದೆ ಏನೋ ಸರಿಯಿಲ್ಲ ಅನ್ನಿಸಿತು. ಬಿಳಿ ಅಕ್ಷರಗಳೇನೋ ನೆಟ್ಟಗಿದ್ದವು. ಕೆಂಪು ಗೆರೆಯ ಅಂಚು ಮಾತ್ರ ಒದ್ದೆ ಕಾಗದದ ಮೇಲೆ ಶಾಯಿ ಹರಡಿದಂತಿತ್ತು. ಪಕ್ಕದ ನೀಲಿ ಅದರೊಳಗೆ ಕರಗಿ ಎರಡೂ ಸೇರಿ ಒಂದು ಕೊಳಕು ಪಟ್ಟಿಯಾಗಿತ್ತು. ಒರೆಸಿದಳು, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಳು. ಕೊನೆಗೆ ಮೈದುನನನ್ನು ಕರೆದಳು.

"ಇಲ್ಲಿ ಬಾರೋ, ನೋಡು. ಈ ಕೆಂಪು ಗೆರೆ ಹರಡಿಕೊಂಡಿದೆ ತಾನೇ?"

ಅವನು ಬಗ್ಗಿ ಚೆನ್ನಾಗಿ ನೋಡಿದ. "ನನಗೆ ಸರಿಯಾಗೇ ಕಾಣ್ತಿದೆ ಅತ್ತಿಗೆ. ಒಂದ್ಸಲ ಕಣ್ಣು ತೋರಿಸ್ಕೊಂಡುಬಿಡಿ."

ಅವಳು ನಂಬಿದಳು. ಮನೆಯ ಹುಡುಗ ಸುಳ್ಳು ಯಾಕೆ ಹೇಳಿಯಾನು? ಕಣ್ಣಿನ ಡಾಕ್ಟರು ದೊಡ್ಡದೇನಿಲ್ಲ ಎಂದು ಕನ್ನಡಕ ಬರೆದುಕೊಟ್ಟರು. ಕನ್ನಡಕ ಹಾಕಿದರೂ ಗೆರೆ ಹಾಗೇ ಇತ್ತು. ಅಂದಾಜಿನ ಮೇಲೆ ಕೆಲಸ ಸಾಗಿಸಿದಳು, ಎಡವಿದ್ದು ಅಲ್ಲೇ. ಬಹುಮಹಡಿ ಕಟ್ಟಡವೊಂದರಲ್ಲಿ ನೀಲಿಗೆ ಸೇರಬೇಕಾದ ಕವಲು ಕೆಂಪಿಗೆ ಸೇರಿಹೋಯಿತು. ಜನ ವಾಸಕ್ಕೆ ಬಂದ ಮೇಲೆ ನೋಡಿದರೆ ಪ್ರತಿ ಶೌಚಾಲಯದ ಫ್ಲಶ್ ತೊಟ್ಟಿಗೂ ಬಿಸಿನೀರು. "ನಿಮ್ಮ ಕಚೇರಿಯವರು ದೊಡ್ಡ ಮನಸ್ಸಿನವರು, ಕೂತಲ್ಲೇ ಶಾಖ ಕೊಡಿಸ್ತಾರೆ" ಎಂದು ಕಟ್ಟಿಸಿದವನು ಎಲ್ಲರೆದುರು ಯಜಮಾನರನ್ನು ಹಂಗಿಸಿದ. ಊರೆಲ್ಲ ನಕ್ಕಿತು.

ಯಜಮಾನರು ಸ್ಕೇಲಮ್ಮನನ್ನು ಕರೆಸಿದಾಗ ಮೈದುನ ಅಲ್ಲೇ ನಿಂತಿದ್ದ. "ಬೈಬೇಡಿ ಸಾರ್. ಅತ್ತಿಗೆ ಕಣ್ಣು ಮಂಜಾಗಿದೆ. ಮನೇಲೂ ನೋಡ್ತಿದ್ದೀನಿ, ಪಾಪ" ಎಂದ. ಆ 'ಪಾಪ' ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅವಳ ಕುರ್ಚಿ ಅವನಿಗೆ ಹೋಯಿತು. ಅವಳು ಮಾನಿಟರ್ ಸಮೇತ ಹಿಂದಿನ ಕೋಣೆಗೆ ಹೋದಳು. ಹಳೆಯ ನಕ್ಷೆಗಳ ಸುರುಳಿ ಬಿಚ್ಚುವುದು, ಸ್ಕ್ಯಾನ್ ಮಾಡುವುದು, ಮತ್ತೆ ಸುತ್ತುವುದು, ದಿನವಿಡೀ ಸೀನುವುದು. ಕಾಗದ ಕತ್ತರಿಸುವ ಯಂತ್ರಕ್ಕಿಂತ ತನ್ನ ಬಾಳು ಕಡೆಯಾಯಿತು ಅನ್ನಿಸುತ್ತಿತ್ತು.

ಹಾಗೇ ಎರಡು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಸುರುಳಿಗಳ ಗಾಡಿಯ ಚಕ್ರ ಅವಳ ಮಾನಿಟರಿನ ಕೇಬಲ್ ಮೇಲೆ ಹರಿಯಿತು. ತುದಿಯ ಪ್ಲಗ್ಗು ಬಾಗಿಹೋಯಿತೇನೋ ಎಂದು ಅದನ್ನು ಕಿತ್ತು, ಬೇಡದ ಸಾಮಾನಿನ ಪೆಟ್ಟಿಗೆಯಿಂದ ದಪ್ಪನೆಯ ಬೇರೊಂದನ್ನು ತೆಗೆದು ಸಿಕ್ಕಿಸಿದಳು. ಪರದೆ ಬೆಳಗಿತು. ಕೆಂಪು ಕೆಂಪಾಗಿ, ನೀಲಿ ನೀಲಿಯಾಗಿ, ನಡುವೆ ಕಪ್ಪು ಕಪ್ಪಾಗಿ ನಿಂತವು. ಕನ್ನಡಕ ತೆಗೆದು ನೋಡಿದಳು. ಆಗಲೂ ಹಾಗೇ ಇತ್ತು.

ಹಳೆಯ ಕೇಬಲ್ ಮತ್ತೆ ಹಾಕಿದಳು, ಮಸುಕು. ಪರದೆಯ ವೇಗ ಇಳಿಸಿದಳು, ಅದೇ ಹಳೆಯ ಕೇಬಲ್ಲಿನಲ್ಲೂ ಗೆರೆ ತಿಳಿಯಾಯಿತು. ಏರಿಸಿದಳು, ಮತ್ತೆ ಮಸುಕು. ಸಣ್ಣ ತೂತಿನಲ್ಲಿ ದೊಡ್ಡ ಜಾತ್ರೆ ನುಗ್ಗಿದ ಹಾಗೆ. ಅಷ್ಟು ವೇಗಕ್ಕೆ ಹಳೆಯ ಕೇಬಲ್ ಎಲ್ಲವನ್ನೂ ಹೊರಲಾರದೆ ಬಣ್ಣದ ನವಿರನ್ನು ದಾರಿಯಲ್ಲೇ ಚೆಲ್ಲುತ್ತಿತ್ತು. ಹಾಗಾದರೆ ಮೊದಲು ಚೆನ್ನಾಗಿದ್ದ ತನ್ನ ಪರದೆಗೆ ಈ ಪೀಡೆ ಎಲ್ಲಿಂದ ಬಂತು? ಮಾನಿಟರನ್ನು ಮಗುಚಿದಳು. ಕಾಲಿನ ಸಂದಿಯಲ್ಲಿ, ಉಗುರಿನಿಂದ ಕೆರೆದರೂ ಬಿಡದ ಹಳದಿ ಟೇಪಿನ ಚೂರು.

ಅದು ಅವಳ ಮಾನಿಟರೇ ಅಲ್ಲ. ಅವಳು ಜ್ವರದಲ್ಲಿ ಮಲಗಿದ್ದಾಗ ಮೈದುನ ತನ್ನ ಮಸುಕಿನದನ್ನು ಕೇಬಲ್ ಸಮೇತ ಅವಳ ಮೇಜಿಗಿಟ್ಟು, ಅವಳದನ್ನು ಕೇಬಲ್ ಸಮೇತ ಹೊತ್ತೊಯ್ದಿದ್ದ. ಆಮೇಲೆ ಬಗ್ಗಿ ನೋಡಿ, "ಸರಿಯಾಗೇ ಕಾಣ್ತಿದೆ" ಅಂದಿದ್ದ.

ಸ್ಕೇಲಮ್ಮ ಕಿರುಚಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಹೇಳಿದ್ದರೆ ಕ್ಷಮೆ ಕೇಳಿಸಿ ಮುಗಿಸುತ್ತಿದ್ದರು. ಅವಳಿಗೆ ಬೇಕಾದದ್ದು ಕ್ಷಮೆಯಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೈದುನನ ಮೇಜಿನ ಕೆಳಗೆ ಕೂತು ಅವನ ಒಳ್ಳೆಯ ಕೇಬಲ್ ಬಿಚ್ಚಿ, ಅದೇ ಹಳೆಯದನ್ನು ಸಿಕ್ಕಿಸಿದಳು. ಆವತ್ತು ಊಟ ಬಹಳ ರುಚಿಸಿತು.

ಎರಡೇ ದಿನಕ್ಕೆ ಅವನು ಕಣ್ಣುಜ್ಜಿಕೊಳ್ಳತೊಡಗಿದ. ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರು. ಅವನು ಅಕ್ಷರದ ಗಾತ್ರ ನೋಡಿದ, ಪರದೆಯ ಅಳತೆ ನೋಡಿದ, ಯಾವುದೋ ಡ್ರೈವರ್ ಹೊಸದು ಹಾಕಿದ. "ಸ್ವಲ್ಪ ವೇಗ ಇಳಿಸಿ ನೋಡೋಣ್ವಾ ಸಾರ್?" ಎಂದ.

"ಬೇಡ ಬೇಡ" ಎಂದ ಮೈದುನ. "ವೇಗಕ್ಕೇ ತಾನೇ ಇದನ್ನ ತಂದಿದ್ದು? ಬೇಕಾದ್ರೆ ಅಂಗಡಿಗೆ ತಗೊಂಡು ಹೋಗಿ."

ಅಂಗಡಿಯಲ್ಲಿ ರಿಪೇರಿಯವನ ಕೇಬಲ್ಲಿಗೆ ಹಚ್ಚಿದಾಗ ಪರದೆ ಕನ್ನಡಿಯಂತಿತ್ತು. ಮರಳಿ ತಂದಿಟ್ಟು, "ಮಾನಿಟರಿಗೆ ಏನೂ ಆಗಿಲ್ಲ ಸಾರ್. ಬೇರೆ ಏನಾದ್ರೂ ಇರಬಹುದು" ಎಂದು ಮೈದುನನ ಮುಖವನ್ನೇ ನೋಡಿದ. ಮೈದುನ ಬೆವರಿದ. ಕೊನೆಗೆ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತ.

"ಅತ್ತಿಗೆ, ಒಂದ್ನಿಮಿಷ ಬರ್ತೀರಾ? ಈ ಕೆಂಪು ಗೆರೆ…"

ಸ್ಕೇಲಮ್ಮ ಹೋಗಿ ಬಗ್ಗಿ ನೋಡಿದಳು. ಕೆಂಪು ನೀಲಿಯೊಳಗೆ ಹರಿದು ಕೊಳಚೆಯಾಗಿತ್ತು. "ನನಗೆ ಸರಿಯಾಗೇ ಕಾಣ್ತಿದೆಯಪ್ಪ" ಎಂದಳು. "ಒಂದ್ಸಲ ಕಣ್ಣು ತೋರಿಸ್ಕೊಂಡುಬಿಡು."

ಅವನಿಗೆ ಆ ಮಾತು ನೆನಪಾಯಿತೋ ಇಲ್ಲವೋ, ಮುಖವಂತೂ ಬಿಳಿಚಿಕೊಂಡಿತು. ಅವಳಿಗೆ ಅಷ್ಟು ಸಾಕಾಗಲಿಲ್ಲ. ಅವನು ಕನ್ನಡಕ ಹಾಕಿ ಬಂದ ದಿನವೂ, ನಕ್ಷೆ ತಪ್ಪಿ ಬೈಸಿಕೊಂಡ ದಿನವೂ ಸಾಕಾಗಲಿಲ್ಲ. ಅವಳು ಮೆಲ್ಲಗೆ ಯಜಮಾನರಿಗೆ, "ಬೈಬೇಡಿ ಸಾರ್, ಪಾಪ" ಎಂದಳು. ಮರುವಾರ ಅವನ ಕುರ್ಚಿಯೂ ಹಿಂದಿನ ಕೋಣೆಗೆ ಬಂತು. ಇಬ್ಬರೂ ಎದುರುಬದುರು ಕೂತು ಸುರುಳಿ ಬಿಚ್ಚಿದರು. ಅವನು ಸೀನಿದಾಗಲೆಲ್ಲ ಅವಳಿಗೆ ಹಾಲು ಕುಡಿದಷ್ಟು ಸಂತೋಷ.

ಅವಳು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ಅತ್ತೆಯನ್ನು. ಅತ್ತೆಯ ತಂದೆ ನಡುವಯಸ್ಸಿನಲ್ಲೇ ಕುರುಡರಾಗಿದ್ದರು. "ಅಪ್ಪನಿಗೂ ಮೊದಲು ಕೆಂಪೇ ಮಸುಕಾಗಿದ್ದು" ಎಂದು ಒಂದು ದಿನ ಅತ್ತೆ ಗೋಡೆಗೆ ಹೇಳುವಂತೆ ಹೇಳಿದರು. ಆಮೇಲೆ ಮಗ ಮೆಟ್ಟಿಲಿಳಿಯುವಾಗಲೆಲ್ಲ ಕೆಳಗೆ ಬಂದು ನಿಲ್ಲತೊಡಗಿದರು. ಊಟ ಕಡಿಮೆಯಾಯಿತು. ಸ್ಕೇಲಮ್ಮ ಅದನ್ನು ನೋಡಿದಳು. ನಿಲ್ಲಿಸಬೇಕು ಅನ್ನಿಸಿತು, ಆದರೂ ಇನ್ನೂ ಒಂದು ವಾರ ನೋಡೋಣ ಎಂದು ಸುಮ್ಮನಿದ್ದಳು.

ಆ ವಾರ ಮುಗಿಯುವ ಮೊದಲೇ, ರಜೆಯ ದಿನ, ಅಡುಗೆಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದಾಗ ಮೈದುನ ಬಂದು ನೆಲದ ಮೇಲೆ ಕೂತ.

"ಅತ್ತಿಗೆ, ಆವತ್ತು ನನ್ನ ಪರದೆ ನೋಡಿದ್ರಲ್ಲ. ನಿಮಗೆ ಎಲ್ಲಾ ಸರಿಯಾಗೇ ಕಂಡಿತ್ತಾ? ನಿಜ ಹೇಳಿ, ನಾನು ಕುರುಡ ಆಗ್ತೀನಾ?"

"ಮೊದಲು ನೀನು ನಿಜ ಹೇಳು" ಎಂದಳು ಸ್ಕೇಲಮ್ಮ. "ಆವತ್ತು ನನ್ನ ಪರದೆ ನೋಡಿದ್ಯಲ್ಲ. ನಿನಗೆ ಏನು ಕಂಡಿತ್ತು?"

ಅವನು ಅಮ್ಮನ ಕಡೆ ನೋಡಿದ.

"ಮಸುಕಾಗಿತ್ತು" ಎಂದ. "ಅದು ನಂದೇ ಮಾನಿಟರು. ನಾನೇ ಬದಲಾಯಿಸಿದ್ದೆ."

ಅತ್ತೆಯ ಕೈ ನಿಂತಿತು. "ಮತ್ತೆ ಅವಳ ಕಣ್ಣು ಹೋಯ್ತು ಅಂತ ಮನೆಯೆಲ್ಲ ಸಾರಿದ್ಯಲ್ಲೋ!"

"ಇವನ ಕಣ್ಣಿಗೂ ಏನೂ ಆಗಿಲ್ಲ ಅತ್ತೆ" ಎಂದಳು ಸ್ಕೇಲಮ್ಮ. "ಕೇಬಲ್ ಹಳೇದು. ನಾನೇ ಹಾಕಿದ್ದು. ನಾಳೆ ಯಜಮಾನರ ಮುಂದೆ ಇವನು ಇದೇ ಮಾತು ಹೇಳಲಿ."

ಮೈದುನ ಬಾಯಿ ತೆರೆದು ಹಾಗೇ ಕೂತ. ಅವಳು ಇಷ್ಟು ದಿನ ಕಾದದ್ದು ಆ ಮುಖಕ್ಕೆ. ಅದನ್ನು ಕಣ್ತುಂಬ ನೋಡುತ್ತಿದ್ದಾಗ ಅತ್ತೆ ಎದ್ದು ನಿಂತರು. ಮಡಿಲಿನ ಬಟಾಣಿ ನೆಲವೆಲ್ಲ ಉರುಳಿತು.

"ಅವನು ನಿನಗೆ ಮಾಡಿದ, ನೀನು ಅವನಿಗೆ ಮಾಡಿದೆ. ನಾನು ನಿನಗೇನು ಮಾಡಿದ್ದೆನೇ?"

ಸ್ಕೇಲಮ್ಮ ಬಗ್ಗಿ ನೆಲದ ಬಟಾಣಿ ಆರಿಸತೊಡಗಿದಳು.

ಮರುದಿನ ಮೈದುನ ಯಜಮಾನರ ಮುಂದೆ ಎಲ್ಲ ಹೇಳಿದ. ಕೇಬಲ್ಲಿನ ವಿಷಯವನ್ನೂ ಸೇರಿಸಿ ಅತ್ತಿಗೆಯ ಮೇಲೆ ದೂರಿದ. ಯಜಮಾನರು ಕೈಯಾಡಿಸಿದರು. "ಕೇಬಲ್ ನಿಮ್ಮ ಮನೆ ಜಗಳ. ಬಿಸಿನೀರು ನನ್ನ ಹೆಸರಲ್ಲಿ ಹರೀತು." ಸ್ಕೇಲಮ್ಮನಿಗೆ ಅವಳ ಕುರ್ಚಿ ಮರಳಿ ಬಂತು. ಮೈದುನ ಬೇರೆ ಕಚೇರಿ ಹುಡುಕಿಕೊಂಡ. ಮನೆಯಲ್ಲಿ ಅವನು ಮಾತಿಗೆ ಬಂದರೂ ಅವಳು ಬಾಯಿ ಬಿಡಲಿಲ್ಲ. ಗಂಡ ರಾಜಿ ಮಾಡಿಸಲು ನೋಡಿ ಸೋತ. "ಅವನಿಗೆ ಮಾಡಿದ್ದಕ್ಕೆ ನನಗೆ ಎಳ್ಳಷ್ಟೂ ಬೇಜಾರಿಲ್ಲ" ಎಂದು ಅವಳು ಯಾರು ಕೇಳಿದರೂ ಹೇಳುತ್ತಿದ್ದಳು. ಅತ್ತೆ ಅವಳೊಡನೆ ಮಾತು ಬಿಟ್ಟಿದ್ದರು. ಅದು ಮಾತ್ರ ಅವಳಿಗೆ ತಿಂದ ಅನ್ನ ಮೈಗೆ ಹತ್ತದಂತೆ ಮಾಡಿತ್ತು.

ತಿಂಗಳುಗಳಾದ ಮೇಲೆ ಒಂದು ಬೆಳಿಗ್ಗೆ, ಕಿಟಕಿಯ ಬಳಿ ಕೂತಿದ್ದ ಅತ್ತೆ ತಲೆಯೆತ್ತದೆ ಸೂಜಿಯನ್ನೂ ದಾರವನ್ನೂ ಚಾಚಿದರು. "ಪೋಣಿಸಿಕೊಡು. ನನಗೆ ಕಾಣ್ತಿಲ್ಲ."

ಸ್ಕೇಲಮ್ಮ ಒಂದೇ ಸಲಕ್ಕೆ ಪೋಣಿಸಿದಳು. ಅತ್ತೆಯ ತೊಡೆಯ ಮೇಲೆ ಮೈದುನನ ಅಂಗಿಯಿತ್ತು, ಗುಂಡಿ ಕಿತ್ತುಹೋದದ್ದು.

"ಅವನ ಹತ್ರಾನೂ ಒಂದು ಮಾತಾಡೇ."

"ಆಡಲ್ಲ ಅತ್ತೆ."

ಅತ್ತೆ ಗುಂಡಿಯನ್ನು ಅಂಗಿಯ ಮೇಲಿಟ್ಟು ಸೂಜಿ ಚುಚ್ಚಿದರು. ಸ್ಕೇಲಮ್ಮ ಪಕ್ಕದಲ್ಲೇ ಕೂತಳು. ಗುಂಡಿ ಹೊಲಿದು ಮುಗಿಯುವವರೆಗೂ ಅಂಗಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಟ್ಟಳು.