ವರ್ಟಿಕಲ್ ಆಂಟೆನಾ ಮತ್ತು ರುದ್ರಮ್ಮನ ಹಿತ್ತಲು

ಬಸ್ಸಿನಲ್ಲಿ ಇವತ್ತು ಯಾರದೋ ಅಲ್ಯೂಮಿನಿಯಂ ಪೈಪು ಮೊಣಕೈಗೆ ತಣ್ಣಗೆ ತಾಗಿತು. ಚನ್ನಗಿರಿಯಲ್ಲಿ, ದೂರದೂರದವರೊಡನೆ ಮಾತಾಡುವ ಹವ್ಯಾಸಕ್ಕೆ ಹ್ಯಾಮ್ ರೇಡಿಯೋ ನಡೆಸುತ್ತಿದ್ದ ಚಿಕ್ಕಪ್ಪ ನೆನಪಾದರು.

ಅಡ್ಡ ತಂತಿಯ ಆಂಟೆನಾ ಕಟ್ಟಲು ಪಕ್ಕದ ಮನೆಯ ರುದ್ರಮ್ಮನ ತೆಂಗಿನ ಮರ ಬೇಕಿತ್ತು. ಬೇಲಿ ಜಗಳದಿಂದ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಅದಕ್ಕೇ ಚಿಕ್ಕಪ್ಪ, ಹಲವು ತರಂಗಾಂತರದ ಬ್ಯಾಂಡುಗಳಿಗೆ ನೆಟ್ಟಗೆ ನಿಲ್ಲುವ ಒಂದೇ ಅಲ್ಯೂಮಿನಿಯಂ ಕಂಬ ಸಾಕಾಗುವ ವರ್ಟಿಕಲ್ ಆಂಟೆನಾ ಆರಿಸಿದರು. ಆ ವಯಸ್ಸಿನಲ್ಲಿ ಚಳವಳಿಯ ಕರಪತ್ರಗಳನ್ನು ಓದಿ ಸ್ವಾವಲಂಬನೆಯೇ ಸರಿ ಎಂದು ನಂಬಿದ್ದ ನನಗೆ, ಯಾರ ಹಂಗೂ ಇಲ್ಲದ ಆ ಕಂಬ ಬಹಳ ಹಿಡಿಸಿತು.

ನಿಲ್ಲಿಸಿದ ಮೇಲೆ ಗೊತ್ತಾಯಿತು, ಕಂಬದ ಬುಡದಿಂದ ಸುತ್ತಲೂ ನೆಲದಲ್ಲಿ ತಂತಿ ಹೂಳಬೇಕು, ಇಲ್ಲದಿದ್ದರೆ ದನಿ ದೂರ ಹೋಗದು. ನಮ್ಮ ಹಿತ್ತಲು ಸಾಲಲಿಲ್ಲ. ಚಿಕ್ಕಪ್ಪ ಬೇಲಿಯ ಹತ್ತಿರ ಹೋದರು.

“ರುದ್ರಕ್ಕ, ನಿಮ್ ಕಡೆ ತಂತಿ ಹೂಳಾಕೆ ಬಿಡ್ತೀರೇನು?”

“ಆಕಾಶದಾಗಿನ ಮಾತು ಕೇಳಾಕೆ ನನ್ ನೆಲ ಬೇಕಾತೇನಪ್ಪಾ? ಹೂಳು. ಬದನೆ ಗಿಡ ಮುಟ್ಟೀಯ, ನೋಡು!”

ಈಗ ನಾನೂ ಮನೆ ಕಟ್ಟಿಸಿದ್ದೇನೆ. ಪಕ್ಕದವರ ಕಡೆಗೆ ಕಾಂಪೌಂಡ್ ಮಾತ್ರ ಹಾಕಿಸಿಲ್ಲ.