142857 ಮತ್ತು ಅವ್ವನ ಗದ್ದೆ

ನಮ್ಮವ್ವ ಯಮನಮ್ಮ ಬುದ್ಧಿ ಬಂದಾಗಿನಿಂದ ಮಂದಿಯ ಗದ್ದೆಯಲ್ಲೇ ನೆಲ್ಲು ನಾಟಿ ಮಾಡಿದವಳು. ಈ ವರ್ಷ ಮೊದಲ ಸಲ ಒಂದು ಎಕರೆ ಲೀಸಿಗೆ ಹಿಡಿದಳು. ನಾನು ಬಾಣಂತನಕ್ಕೆಂದು ರಾಯಚೂರಿನಿಂದ ಮಾನ್ವಿ ಕಡೆಯ ತವರಿಗೆ ಬಂದವಳು, ಇನ್ನೂ ಇಲ್ಲೇ ಇದ್ದೆ.

ಊರ ನಡುವಿನ ಆರು ಹೆಂಗಸರು ಮುಯ್ಯಾಳು ಕೂಡುತ್ತಾರೆ. ಕೂಲಿ ಇಲ್ಲ, ನಿನ್ನ ಗದ್ದೆಗೆ ನಾನು, ನನ್ನ ಗದ್ದೆಗೆ ನೀನು. ಯಾರ ಗದ್ದೆಯೋ ಅವಳು ಸಾಲಿನ ಮೊದಲಿಗೆ ನಿಲ್ಲಬೇಕು, ಮಧ್ಯಾಹ್ನದ ಬುತ್ತಿಯೂ ಅವಳದೇ. ನಮ್ಮ ಕೇರಿಯವರನ್ನು ಇದಕ್ಕೆ ಕರೆದದ್ದೇ ಇಲ್ಲ. ಈ ಸಲ ಆಳು ಸಾಲದೆ ಆ ಆರು ಜನರಲ್ಲೊಬ್ಬಳಾದ ಬಸವಂತಮ್ಮ ನಮ್ಮವ್ವನನ್ನು ಕರೆದಳು. ‘ಆರು ದಿನ ನಮ್ಮಲ್ಲಿ ಬಾ, ಏಳನೇ ದಿನ ನಿನ್ನಲ್ಲಿ ನಾವು’ ಎಂದಳು.

ಮೂರನೇ ದಿನ ಉಮಾಶ್ರೀಯ ಗದ್ದೆ. ಕೂಸನ್ನು ಜಾಲಿ ಮರದ ಜೋಳಿಗೆಯಲ್ಲಿ ಮಲಗಿಸಿ ಬದುವಿನ ಮೇಲೆ ಕೂತಿದ್ದೆ. ಅವರು ದಿನಕ್ಕೊಬ್ಬಳನ್ನು ಮುಂದೆ ಮಾಡಿ ಸಾಲು ಬದಲಿಸುವುದನ್ನು ಕಂಡು ಬಿ.ಎಸ್ಸಿ.ಯಲ್ಲಿ ಕಲಿತ ಸಂಖ್ಯೆ ನೆನಪಾಗಿ ಅವರಿಗೂ ಹೇಳಿದೆ. 142857. ಎರಡರಿಂದ ಗುಣಿಸಿದರೆ 285714, ಮೂರರಿಂದ 428571. ಆರರವರೆಗೂ ಅವೇ ಆರು ಅಂಕಿ, ಒಂದರ ಹಿಂದೆ ಒಂದು ಅದೇ ಸುತ್ತು, ಮೊದಲು ನಿಲ್ಲುವವರು ಮಾತ್ರ ಬೇರೆ.

“ಹಂಗಾರ ಎಂಟು ಯಾರಬೇ?” ಎಂದಳು ಉಮಾಶ್ರೀ. “ಬಸವಂತಕ್ಕನ ಇರಬೇಕು, ಮ್ಯಾಲೊಂದು ಗುಂಡು, ಕೆಳಗೊಂದು ಗುಂಡು!”

“ಬಾಯಿ ಮುಚ್ಚಲೇ, ಸಸಿ ಹಚ್ಚು,” ಎಂದಳು ಬಸವಂತಮ್ಮ.

ಸಾಲಿನ ಕೊನೆಯಿಂದ ಅವ್ವ ಕೇಳಿದಳು. “ನನ್ನ ಅಂಕಿ ಎಲ್ಲದ ವಿಶಾಖಾ?”

“ನಿಂದು ಏಳನೇ ದಿನ ಅಲ್ಲೇನವ್ವಾ?” ಮೊಬೈಲಿನಲ್ಲಿ ಏಳರಿಂದ ಗುಣಿಸಿ ತೋರಿಸಿದೆ. 999999.

“ಯವ್ವಾ! ನನ್ನ ಗದ್ದ್ಯಾಗ ಎಲ್ಲಾರೂ ಒಂದ!” ಅವ್ವ ನಕ್ಕಳು. ಉಳಿದವರು ತಲೆ ಎತ್ತಲಿಲ್ಲ. ಆ ದಿನವೂ ಅವರು ಅವಳಿಗೆ ಕೊಟ್ಟ ರೊಟ್ಟಿ ಬದುವಿನ ಈ ಕಡೆ, ಅವರ ಊಟ ಆ ಕಡೆ.

ಏಳನೇ ದಿನ ಅವ್ವ ಬುಟ್ಟಿ ತುಂಬ ಜೋಳದ ರೊಟ್ಟಿ ಬಡಿದಳು, ಎಣ್ಣೆ ಬದನೆಕಾಯಿ ಮಾಡಿದಳು. ಬಸವಂತಮ್ಮ ಒಬ್ಬಳೇ ಬಾಗಿಲಿಗೆ ಬಂದಳು.

“ಬರ್ತೀವಿ ಯಮನವ್ವ. ಬುತ್ತಿ ಮಾತ್ರ ನಮ್ದ ತರ್ತೀವಿ. ಮನ್ಯಾಗ ಗಂಡಸರು ಒಪ್ಪವಲ್ಲರು.”

“ಆರು ದಿನ ನಿಮ್ಮ ರೊಟ್ಟಿ ನಾ ತಿಂದೀನಲ್ರೀ.”

“ಅದು ಬ್ಯಾರೆ ಬಿಡು.”

ಕಾಲುವೆ ನೀರು ಇನ್ನೆರಡೇ ದಿನ, ಸಸಿ ಬಲಿಯುತ್ತಿತ್ತು. ನಾನೇ ಅಂದೆ, “ಹ್ಞೂಂ ಅನ್ನವ್ವಾ, ನಾಟಿ ಆಗಲಿ.”

“ಬುತ್ತಿ ಕಟಗೊಂಡು ಬರೋರು ಕೂಲ್ಯಾರು. ನಾ ಕೂಲ್ಯಾರನ್ನ ಕರದಿಲ್ಲ,” ಎಂದಳು ಅವ್ವ, ನನ್ನ ಕಡೆ ನೋಡದೆ. ಬಸವಂತಮ್ಮ ಆರು ದಿನದ ಕೂಲಿ ಕಟ್ಟೆಯ ಮೇಲಿಟ್ಟಳು. ಅವ್ವ ಅದನ್ನೂ ಮುಟ್ಟಲಿಲ್ಲ.

ಕೂಸಿಗೆ ಹಾಲೂಡಿಸಿ ನಾನೂ ಕೆಸರಿಗಿಳಿದೆ. ಇಬ್ಬರಿಂದ ಎಷ್ಟಾದೀತು? ಕಾಲುವೆ ನೀರು ನಿಂತಾಗ ಅರ್ಧ ಗದ್ದೆ ಬರಿದೇ ಉಳಿದಿತ್ತು. ಉಳಿದ ಸಸಿ ಮಡಿಯಲ್ಲೇ ಹಳದಿಯಾಯಿತು.

ಆ ದಿನದ ರೊಟ್ಟಿ ಒಣಗಿ ಕಟಿಯಾಗಿವೆ. ಮಜ್ಜಿಗೆಯಲ್ಲಿ ನೆನೆಸಿ ನಾವಿಬ್ಬರೂ ಇನ್ನೂ ತಿನ್ನುತ್ತಿದ್ದೇವೆ.